ಏಳು ಬಿಂದುಗಳ ಗಣಿತ ಮತ್ತು ರಾಜಚಂದ್ರ ಬೋಸ್

ಕುಮಟಾದ ಮೀನುಪೇಟೆಯಿಂದ ಭಟ್ಕಳದ ಅಂಗಡಿಗಳವರೆಗೆ ಈಗ ಕ್ಯೂಆರ್ ಕೋಡ್ ಇಲ್ಲದ ವ್ಯಾಪಾರವೇ ಕಡಿಮೆ. ಆ ಚೌಕ ತುಸು ಹರಿದಿದ್ದರೂ, ನೀರು ಬಿದ್ದು ಮಸುಕಾಗಿದ್ದರೂ ಮೊಬೈಲ್ ಓದಿಬಿಡುತ್ತದೆ. ಇದರ ಹಿಂದಿನ ಗಣಿತಕ್ಕೆ ಬುನಾದಿ ಹಾಕಿದವರಲ್ಲಿ ರಾಜಚಂದ್ರ ಬೋಸ್ ಒಬ್ಬರು. ನನಗೆ ಅವರ ಹೆಸರು ಗೊತ್ತಾದದ್ದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ. ನಮ್ಮ ಶಾಲೆಯ ಮಕ್ಕಳಿಗೆ ಇನ್ನೂ ಬೇಗ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಬೋಸ್ ಹುಟ್ಟಿದ್ದು 1901ರ ಜೂನ್ 19ರಂದು, ಇಂದಿನ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ. 1918ರ ಇನ್‌ಫ್ಲುಯೆಂಜಾ ಜ್ವರಕ್ಕೆ ತಾಯಿ ಬಲಿಯಾದರು. ಮರುವರ್ಷ ತಂದೆಯೂ ತೀರಿಕೊಂಡರು. ಕಷ್ಟದಲ್ಲೇ ದೆಹಲಿ, ಕಲ್ಕತ್ತೆಗಳಲ್ಲಿ ಗಣಿತ ಓದಿ ಕಾಲೇಜು ಉಪನ್ಯಾಸಕರಾದರು. ಅವರ ಒಲವು ರೇಖಾಗಣಿತದ ಕಡೆಗೆ. 1932ರ ಕೊನೆಗೆ ಮಹಾಲನೋಬಿಸ್ ಅವರನ್ನು ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಕರೆದರು. ಸಂಖ್ಯಾಶಾಸ್ತ್ರ ಅವರಿಗೆ ಹೊಸದು. ಮೂವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾದರು.

ಕೃಷಿ ಪ್ರಯೋಗಗಳಲ್ಲಿ ಒಂದು ತೊಡಕಿತ್ತು. ಏಳು ಭತ್ತದ ತಳಿಗಳನ್ನು ಹೋಲಿಸಬೇಕು, ಒಂದು ಗದ್ದೆಯಲ್ಲಿ ಮೂರಕ್ಕೆ ಮಾತ್ರ ಜಾಗ ಎಂದುಕೊಳ್ಳಿ. ಹೊನ್ನಾವರದ ಗಜನಿ ಗದ್ದೆಯ ಮಣ್ಣೇ ಬೇರೆ, ಗುಡ್ಡದ ಬದಿಯ ಮಣ್ಣೇ ಬೇರೆ. ಆದ್ದರಿಂದ ಯಾವ ಎರಡು ತಳಿ ಹಿಡಿದರೂ ಅವು ಒಂದೇ ಗದ್ದೆಯಲ್ಲಿ ಸರಿಯಾಗಿ ಒಮ್ಮೆ ಜೊತೆಯಾಗಬೇಕು. ಇಂಥ ಪ್ರಶ್ನೆಗಳಿಗೆ ಬೋಸ್ ಪರಿಮಿತ ಪ್ರಕ್ಷೇಪ ರೇಖಾಗಣಿತವನ್ನು ಬಳಸಿದರು. ಅದರ ಅತಿ ಚಿಕ್ಕ ಸಮತಲದಲ್ಲಿ ಏಳೇ ಬಿಂದು, ಏಳೇ ರೇಖೆ: 123, 145, 167, 246, 257, 347, 356. ಬಿಂದುವನ್ನು ತಳಿಯೆಂದೂ ರೇಖೆಯನ್ನು ಗದ್ದೆಯೆಂದೂ ಓದಿಕೊಂಡರೆ ಉತ್ತರ ಸಿದ್ಧ. ಇಂಥ ಯೋಜನೆಗಳನ್ನು ಕಟ್ಟುವ ಕ್ರಮವನ್ನು 1939ರ ಪ್ರಬಂಧದಲ್ಲಿ ಅವರು ವಿವರಿಸಿದರು. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಕಲ್ಕತ್ತೆಯಲ್ಲಿ ಅವರ ಶಿಷ್ಯರಾಗಿದ್ದರು.

1949ರಲ್ಲಿ ಬೋಸ್ ಅಮೆರಿಕಕ್ಕೆ ಹೋದರು. 1959ರಲ್ಲಿ ಶ್ರೀಖಂಡೆ ಮತ್ತು ಪಾರ್ಕರ್ ಜೊತೆ ಸೇರಿ, ಲ್ಯಾಟಿನ್ ಚೌಕಗಳ ಬಗ್ಗೆ ಆಯ್ಲರ್ 1782ರಲ್ಲಿ ಮಂಡಿಸಿದ್ದ ಊಹೆ ತಪ್ಪೆಂದು ತೋರಿಸಿದರು. 1960ರಲ್ಲಿ ಶಿಷ್ಯ ರಾಯ್‌ಚೌಧುರಿ ಜೊತೆ ದೋಷ ತಿದ್ದುವ ಸಂಕೇತಗಳನ್ನು ಪ್ರಕಟಿಸಿದರು. ಫ್ರಾನ್ಸಿನ ಹೊಕೆಂಗೆಮ್ ಕೂಡ ಅವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರಿಂದ ಮೂವರ ಹೆಸರು ಸೇರಿ ಬಿಸಿಎಚ್ ಆಯಿತು. ಕ್ಯೂಆರ್ ಚೌಕವನ್ನು ಹೇಗೆ ಓದಬೇಕೆಂದು ತಿಳಿಸುವ 15 ಬಿಟ್‌ಗಳನ್ನು ಕಾಯುವುದು ಈ ಸಂಕೇತವೇ. ಮೂರು ಬಿಟ್ ಕೆಟ್ಟರೂ ತಿದ್ದುತ್ತದೆ. ಉಳಿದ ಮಾಹಿತಿಯನ್ನು ಕಾಯುವ ರೀಡ್–ಸಾಲೊಮನ್ ಸಂಕೇತ ಇದರ ಹತ್ತಿರದ ನೆಂಟ.

1987ರಲ್ಲಿ ಬೋಸ್ ನಿಧನರಾದರು. ಮಕ್ಕಳೇ, ಮೇಲಿನ ಏಳು ರೇಖೆಗಳನ್ನು ನೋಟ್‌ಬುಕ್ಕಿನಲ್ಲಿ ಎಳೆದು ನೋಡಿ. ಆರನ್ನು ಸ್ಕೇಲಿಟ್ಟು ಎಳೆಯಬಹುದು. ಏಳನೆಯದನ್ನು ಮಾತ್ರ ಬಾಗಿಸಲೇಬೇಕು. ಏಕೆ ಎಂದು ನಿಮ್ಮ ಗಣಿತದ ಮೇಷ್ಟ್ರನ್ನು ಕೇಳಿ.