ಚಿತ್ರದಲ್ಲಿ ಜಗತ್ತನ್ನು ತೋರಿದ ಗುರು

ತರಗತಿಯ ಗೋಡೆಯ ಮೇಲಿನ ಭೂಪಟವೂ ಪಠ್ಯಪುಸ್ತಕದ ಚಿತ್ರಗಳೂ ನಿಮಗೆ ಚಿರಪರಿಚಿತ. ಆದರೆ 400 ವರ್ಷಗಳ ಹಿಂದೆ ಯೂರೋಪಿನ ಶಾಲೆಗಳಲ್ಲಿ ಇವು ಅಪರೂಪ. ಅರ್ಥವಾಗದ ಲ್ಯಾಟಿನ್ ವಾಕ್ಯಗಳನ್ನು ಬೆತ್ತದ ಭಯದಿಂದ ಬಾಯಿಪಾಠ ಮಾಡುವುದೇ ಅಲ್ಲಿ ವಿದ್ಯೆಯೆನಿಸಿತ್ತು. ಈ ಪದ್ಧತಿಯನ್ನು ತಿದ್ದಲು ಶ್ರಮಿಸಿದವರಲ್ಲಿ ಕೊಮೇನಿಯಸನು ಅಗ್ರಗಣ್ಯನು.

ಕೊಮೇನಿಯಸನು 1592ರ ಮಾರ್ಚ್ 28ರಂದು, ಇಂದು ಚೆಕ್ ಗಣರಾಜ್ಯಕ್ಕೆ ಸೇರಿರುವ ಮೊರೇವಿಯ ಪ್ರಾಂತದಲ್ಲಿ ಜನಿಸಿದನು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಆತನು ಲ್ಯಾಟಿನ್ ಶಾಲೆಯನ್ನು ಸೇರಿದುದು 16ನೆಯ ವಯಸ್ಸಿನಲ್ಲಿ. ತಿಳಿವಳಿಕೆ ಬಂದಮೇಲೆ ಸೇರಿದುದರಿಂದ ಕಲಿಸುವ ಕ್ರಮದ ದೋಷಗಳು ಆತನಿಗೆ ಸ್ಪಷ್ಟವಾಗಿ ಕಂಡವು. ಮುಂದೆ ಆತನು ಪ್ರಾಟೆಸ್ಟೆಂಟ್ ಪಂಥದ ಪಾದ್ರಿಯೂ ಉಪಾಧ್ಯಾಯನೂ ಆದನು.

1618ರಲ್ಲಿ ಮೂವತ್ತು ವರ್ಷಗಳ ಯುದ್ಧ ಆರಂಭವಾಯಿತು. ಸೋತ ಪ್ರಾಟೆಸ್ಟೆಂಟರ ಮೇಲೆ ದಬ್ಬಾಳಿಕೆ ನಡೆಯಿತು. ಕೊಮೇನಿಯಸನು ತಲೆಮರೆಸಿಕೊಂಡಿದ್ದ ದಿನಗಳಲ್ಲಿ, 1622ರಲ್ಲಿ, ಆತನ ಮಡದಿಯೂ ಇಬ್ಬರು ಮಕ್ಕಳೂ ಪ್ಲೇಗಿಗೆ ಬಲಿಯಾದರು. ಇಂಥ ದುಃಖದ ನಡುವೆಯೂ ಆತನು ಹುಟ್ಟುನಾಡಿನ ಬೆಟ್ಟ, ಹೊಳೆ, ಊರುಗಳನ್ನು ಗುರುತಿಸಿ ಮೊರೇವಿಯದ ಭೂಪಟವನ್ನು ರಚಿಸಿದನು. 1627ರಲ್ಲಿ ಅದು ಅಚ್ಚಾಯಿತು. ಮರುವರ್ಷವೇ ಆತನು ದೇಶಭ್ರಷ್ಟನಾಗಿ ಪೋಲೆಂಡಿನ ಲೆಶ್ನೊ ಪಟ್ಟಣವನ್ನು ಸೇರಬೇಕಾಯಿತು.

ಅರಿವು ಇಂದ್ರಿಯಗಳಿಂದ ಮೊದಲಾಗುತ್ತದೆ. ಆದುದರಿಂದ ವಸ್ತುವನ್ನು ತೋರಿಸಿಯೇ ಹೆಸರನ್ನು ಕಲಿಸಬೇಕು, ವಸ್ತು ದೊರೆಯದಿದ್ದರೆ ಚಿತ್ರವನ್ನಾದರೂ ತೋರಿಸಬೇಕು ಎಂಬುದು ಆತನ ತತ್ತ್ವ. ಪರ್ವತವನ್ನು ತರಗತಿಗೆ ತರಲಾಗದು. ಅದರ ಚಿತ್ರವನ್ನು ತರಬಹುದು. 1650ರಿಂದ 1654ರವರೆಗೆ ಹಂಗೇರಿಯ ಶಾಲೆಯೊಂದರಲ್ಲಿದ್ದಾಗ ಆತನು ಇಂಥದೊಂದು ಸಚಿತ್ರ ಪುಸ್ತಕವನ್ನು ಸಿದ್ಧಪಡಿಸಿದನು. ಲೆಶ್ನೊಗೆ ಮರಳಿದ ಮೇಲೆ ಮತ್ತೊಂದು ಆಘಾತ ಕಾದಿತ್ತು. 1656ರಲ್ಲಿ ಯುದ್ಧದ ಬೆಂಕಿಗೆ ಆ ಪಟ್ಟಣವೇ ಆಹುತಿಯಾಗಿ, ಆತನ ಗ್ರಂಥಭಂಡಾರವೂ ದಶಕಗಳ ಶ್ರಮದ ಹಸ್ತಪ್ರತಿಗಳೂ ಬೂದಿಯಾದವು. ಆದರೂ ಆ ಚಿತ್ರಪುಸ್ತಕ 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಬೆಳಕು ಕಂಡಿತು.

ಅದೇ ‘ಆರ್ಬಿಸ್ ಪಿಕ್ಟಸ್’. ಅದರಲ್ಲಿ 150 ಪಾಠಗಳಿದ್ದವು. ಭೂಮಿಯನ್ನು ಕುರಿತ ಪಾಠದ ಚಿತ್ರದಲ್ಲಿ ಬೆಟ್ಟ, ಕಣಿವೆ, ಗುಹೆ, ಬಯಲುಗಳಿಗೆ ಒಂದೊಂದು ಅಂಕೆ. ಕೆಳಗಿನ ವಾಕ್ಯಗಳಲ್ಲಿ ಆಯಾ ಹೆಸರಿನೊಡನೆ ಅದೇ ಅಂಕೆ. ಲ್ಯಾಟಿನ್ನಿನ ಪಕ್ಕದಲ್ಲಿಯೇ ಮಕ್ಕಳಾಡುವ ಜರ್ಮನ್ ಭಾಷೆಯೂ ಇತ್ತು. ಭೂಮಿಯ ಗೋಳಾರ್ಧಗಳನ್ನೂ ಯೂರೋಪಿನ ಭೂಪಟವನ್ನೂ ಮಕ್ಕಳು ಅಲ್ಲಿ ಕಣ್ಣಾರೆ ಕಂಡರು. ಮರುವರ್ಷ ಇಂಗ್ಲಿಷಿಗೂ ಅನಂತರ ಇತರ ಹಲವು ಭಾಷೆಗಳಿಗೂ ಆ ಪುಸ್ತಕ ಅನುವಾದಗೊಂಡಿತು.

ತಾಯ್ನಾಡಿಗೆ ಮರಳುವ ಹಂಬಲ ಈಡೇರದೆಯೇ ಕೊಮೇನಿಯಸನು 1670ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾಲವಾದನು. ಆತನ ಜನ್ಮದಿನವನ್ನು ಚೆಕ್ ಜನರು ಇಂದು ಶಿಕ್ಷಕರ ದಿನವನ್ನಾಗಿ ಆಚರಿಸುತ್ತಾರೆ. ಸ್ವಂತ ನೆಲದಲ್ಲಿ ನೆಲೆ ಕಾಣದ ಈ ಗುರು ಮಕ್ಕಳ ಕಣ್ಣೆದುರಿಗೆ ಜಗತ್ತನ್ನೇ ತಂದಿಟ್ಟನು.