ಕಲ್ಲು ಓದಿದ ರೈಸ್ ಸಾಹೇಬರು

ಮಕ್ಕಳೇ, ಮನೆಯೊಳಗೆ ಒಂದು ಭಾಷೆ, ಹೊಸಿಲು ದಾಟಿದರೆ ಇನ್ನೊಂದು. ನಿಮಗೆ ಇದು ದಿನವೂ ಇದ್ದದ್ದೇ. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಹುಡುಗನದೂ ಇದೇ ಪಾಡು, ಆದರೆ ತಿರುಗುಮುರುಗು! ಅವನಿಗೆ ಮನೆಮಾತು ಇಂಗ್ಲಿಷ್, ಬೀದಿಯ ಮಾತು ಕನ್ನಡ. ಹೆಸರು ಬೆಂಜಮಿನ್ ಲೂಯಿಸ್ ರೈಸ್. ಅಪ್ಪ ಇಂಗ್ಲೆಂಡಿನಿಂದ ಬಂದ ಕ್ರೈಸ್ತ ಮಿಷನರಿ.

ಇಂಗ್ಲೆಂಡಿನಲ್ಲಿ ಓದು ಮುಗಿಸಿದ ರೈಸ್ 1860ರಲ್ಲಿ ಬೆಂಗಳೂರಿಗೆ ಮರಳಿ, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಶಾಲೆಗೆ ಮುಖ್ಯೋಪಾಧ್ಯಾಯರಾದರು. ಆಮೇಲೆ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆದರು. ಊರೂರು ಸುತ್ತುವ ಕೆಲಸ. ಹೋದಲ್ಲೆಲ್ಲ ಅವರ ಕಣ್ಣಿಗೆ ಬೀಳುತ್ತಿದ್ದದ್ದು ಅಕ್ಷರ ಕೊರೆದ ಕಲ್ಲುಗಳು: ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ. ಕೆಲವಕ್ಕೆ ಎಣ್ಣೆ ಹಚ್ಚಿ ಪೂಜೆ ನಡೆಯುತ್ತಿತ್ತು. ಕೆಲವು ಬಟ್ಟೆ ಒಗೆಯುವ ಕಲ್ಲಾಗಿದ್ದವು. ಅಕ್ಷರ ಹಳೆಯದು, ಮಾತು ಹಳಗನ್ನಡ. ಓದಬಲ್ಲವರು ಊರಲ್ಲಿ ಸಿಗುವುದೇ ಅಪರೂಪ.

ಹಾಗಾದರೆ ಆ ಕಲ್ಲುಗಳಲ್ಲಿ ಏನಿತ್ತು? ಈ ಕೆರೆ ಕಟ್ಟಿಸಿದವರು ಯಾರು, ಈ ಗುಡಿಗೆ ಗದ್ದೆ ಬಿಟ್ಟವರು ಯಾರು, ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಬಿಡಿಸಲು ಹೋಗಿ ಸತ್ತ ವೀರ ಯಾರು. ಕೊಟ್ಟ ದಾನವನ್ನು ಕಿತ್ತುಕೊಂಡವರಿಗೆ ಕೊನೆಯಲ್ಲಿ ಘೋರವಾದ ಶಾಪ! ಆ ಕಾಲದ ಊರಿನ ದಫ್ತರವೆಂದರೆ ಈ ಕಲ್ಲೇ.

ಮೇಜರ್ ಡಿಕ್ಸನ್ ಎಂಬುವರು ತೆಗೆದಿದ್ದ ಶಾಸನಗಳ ಫೋಟೋಗಳನ್ನು ಓದಿ ಇಂಗ್ಲಿಷಿಗೆ ತರುವ ಕೆಲಸ ರೈಸ್ ಅವರ ಪಾಲಿಗೆ ಬಂತು. ಆ ಪುಸ್ತಕ ಅಚ್ಚಾದದ್ದು 1879ರಲ್ಲಿ. ಅಲ್ಲಿಂದ ಹತ್ತಿದ ಗೀಳು ಅವರನ್ನು ಬಿಡಲಿಲ್ಲ. ಮುಂದೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾದರು.

ಕಲ್ಲಿನ ಮೇಲಿನ ಬರಹವನ್ನು ಕಾಗದಕ್ಕೆ ಇಳಿಸುವುದನ್ನು ಪಡಿಯಚ್ಚು ತೆಗೆಯುವುದು ಎನ್ನುತ್ತಾರೆ. ಮೊದಲು ಕಲ್ಲಿನ ಮೇಲಿನ ಮಣ್ಣು, ಪಾಚಿ, ಎಣ್ಣೆಯ ಜಿಡ್ಡನ್ನು ಉಜ್ಜಿ ತೊಳೆಯಬೇಕು. ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿಯುತ್ತ ಬಂದರೆ ಕೊರೆದ ಗೆರೆಗಳೊಳಕ್ಕೆ ಕಾಗದ ಇಳಿಯುತ್ತದೆ. ಆಮೇಲೆ ಶಾಯಿ ಅದ್ದಿದ ಬಟ್ಟೆಯ ಉಂಡೆಯಿಂದ ಒತ್ತಬೇಕು. ಕಾಗದವೆಲ್ಲ ಕಪ್ಪಾಗಿ, ತಗ್ಗಿನಲ್ಲಿರುವ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಅಜ್ಜಿ ಮನೆಯಲ್ಲಿ ಕಾಗದದ ಕೆಳಗೆ ನಾಣ್ಯವಿಟ್ಟು ಪೆನ್ಸಿಲ್ ಉಜ್ಜಿದ್ದೀರಲ್ಲ, ಅದರ ದೊಡ್ಡಣ್ಣ ಇದು.

ಹೀಗೆ ಪಂಡಿತರ ನೆರವಿನಿಂದ ರೈಸ್ ಕಲೆಹಾಕಿದ ಶಾಸನಗಳು 9,000ದ ಹತ್ತಿರ! ಅವೆಲ್ಲ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ 12 ಸಂಪುಟಗಳಾದವು. ಮೊದಲನೆಯದು 1886ರಲ್ಲಿ ಬಂದ ಕೊಡಗಿನ ಸಂಪುಟ. ತಾಲ್ಲೂಕಿಗೊಂದು ಪಟ್ಟಿ, ಪ್ರತಿ ಕಲ್ಲಿಗೊಂದು ನಂಬರು. ಅವುಗಳಲ್ಲಿ ಕೆಲವು ಕಲ್ಲುಗಳು ಇಂದು ಇಲ್ಲ. ಅವುಗಳ ಮಾತು ಮಾತ್ರ ಪುಸ್ತಕದಲ್ಲಿ ಉಳಿದಿದೆ. ಓಲೆಗರಿಯಲ್ಲಿದ್ದ ಹಳೆಯ ಕಾವ್ಯಗಳನ್ನೂ ಅವರು ಬಿಡಲಿಲ್ಲ. 1898ರಲ್ಲಿ ಪಂಪನ ಭಾರತವೂ, ಕೆ.ಬಿ. ಪಾಠಕರು ಸಂಪಾದಿಸಿದ ‘ಕವಿರಾಜಮಾರ್ಗ’ವೂ ರೈಸ್ ಅವರ ಗ್ರಂಥಮಾಲೆಯಲ್ಲೇ ಅಚ್ಚಾದವು.

1906ರಲ್ಲಿ ನಿವೃತ್ತರಾದ ರೈಸ್ ಇಂಗ್ಲೆಂಡಿಗೆ ಹೋದರು. 1927ರಲ್ಲಿ ಲಂಡನ್ ಬಳಿಯ ಹ್ಯಾರೋದಲ್ಲಿ ತೀರಿಕೊಂಡರು.

ಅವರ ಒಂದು ಶೋಧದ ಕಥೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ. 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆಯಲ್ಲಿ, ಬ್ರಹ್ಮಗಿರಿಯ ಬಂಡೆಯ ಮೇಲೆ ಅವರಿಗೆ ಅಶೋಕ ಚಕ್ರವರ್ತಿಯ ಶಾಸನ ಸಿಕ್ಕಿತು. 2,200 ವರ್ಷಕ್ಕೂ ಹಳೆಯದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಿಗೆ ದಯೆ ತೋರಬೇಕು, ನಿಜ ನುಡಿಯಬೇಕು ಎಂಬ ಬುದ್ಧಿಮಾತು ಅದರಲ್ಲಿದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ತನ್ನ ಹೆಸರಿನ ಮುಂದೆ ‘ಲಿಪಿಕಾರ’ ಎಂಬ ಅರ್ಥದ ಪದ ಬರೆಯುವಾಗ ಅವನು ಬ್ರಾಹ್ಮಿಯನ್ನು ಬಿಟ್ಟು, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಗೆ ಹೊರಳಿಕೊಂಡಿದ್ದಾನೆ. ಆ ಲಿಪಿ ಬಳಕೆಯಲ್ಲಿದ್ದದ್ದು ಇಂದಿನ ಪಾಕಿಸ್ತಾನದ ಕಡೆಯ ಗಾಂಧಾರ ಸೀಮೆಯಲ್ಲಿ. ಹಾಗಾಗಿ ಚಪಡ ಅತ್ತಲಿಂದ ಬಂದವನಿರಬೇಕು ಎನ್ನುತ್ತಾರೆ ವಿದ್ವಾಂಸರು. ರಾಜನ ಕೆಲಸವನ್ನೆಲ್ಲ ರಾಜನ ಲಿಪಿಯಲ್ಲಿ ಮುಗಿಸಿ, ತನ್ನದೆಂಬ ಒಂದು ಪದವನ್ನು ಮಾತ್ರ ತನ್ನ ಊರಿನ ಲಿಪಿಯಲ್ಲಿ ಬಿಟ್ಟುಹೋಗಿದ್ದಾನೆ.

ಮುಂದಿನ ಸಂಚಿಕೆಗೆ ನೀವು ಚಿತ್ರ ಬಿಡಿಸಿ ಕಳಿಸುತ್ತೀರಲ್ಲ, ಅದರ ಕೆಳಗೆ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಒತ್ತು, ದೀರ್ಘ ತಪ್ಪಿದರೂ ಚಿಂತೆಯಿಲ್ಲ. ಚಪಡ ಬರೆದದ್ದೂ ಒಂದೇ ಪದ.