ಕಡಜದ ಕಸುಬು ಕಂಡ ಮೇಷ್ಟ್ರು

ರೈತ ಬಾಂಧವರೇ, ಬಿದಿರುಗಳುವಿನ ತೂತಿಗೋ ಬಾಗಿಲ ಬೀಗದ ಕಂಡಿಗೋ ಮಣ್ಣು ಮೆತ್ತುವ ಒಂಟಿ ಕಡಜವನ್ನು ತಾವು ಕಂಡಿರಬಹುದು. ಅದು ಯಾವ ಜಾತಿಯದೆಂದು ಹೇಳುವುದು ಪಂಡಿತರಿಗೂ ಕಷ್ಟ. ಎಷ್ಟೋ ಜಾತಿಗಳಿಗೆ ಅದೇ ಕಪ್ಪು ಮೈ, ಅದೇ ಹಳದಿ ಪಟ್ಟೆ. ಹಿಡಿದು ಸೂಕ್ಷ್ಮದರ್ಶಕದ ಕೆಳಗಿಟ್ಟರೂ ಅನುಮಾನ ಉಳಿಯುವುದುಂಟು.

ಸತ್ತ ಹುಳುವಿನ ಬಣ್ಣ ನೋಡಿದರೆ ಸಾಲದು, ಬದುಕಿರುವಾಗ ಅದರ ಕಸುಬನ್ನೂ ನೋಡಬೇಕೆಂದು ತೋರಿಸಿಕೊಟ್ಟವರಲ್ಲಿ ಫ್ರಾನ್ಸಿನ ಝಾನ್ ಆನ್ರಿ ಫಾಬ್ರ ಪ್ರಮುಖರು. 1823ರಲ್ಲಿ ಹಳ್ಳಿಯೊಂದರ ಬಡ ಕುಟುಂಬದಲ್ಲಿ ಹುಟ್ಟಿದ ಅವರು ಎಳವೆಯ ಕೆಲ ವರ್ಷ ಅಜ್ಜನ ಹೊಲಮನೆಯಲ್ಲಿ ಬೆಳೆದರು. ಮುಂದೆ ಮೇಷ್ಟ್ರಾಗಿ ಅಲ್ಪ ಸಂಬಳದಲ್ಲಿ ದೊಡ್ಡ ಸಂಸಾರ ಸಾಗಿಸಿದರು. ದುಂಬಿ ಬೇಟೆಯಾಡುವ ಕಡಜವೊಂದು ಅದನ್ನು ಕೊಲ್ಲುವುದಿಲ್ಲ, ಕುಟುಕಿ ಅಲುಗಾಡದಂತೆ ಮಾಡುತ್ತದೆಂದು 1855ರಲ್ಲಿ ತಿಳಿಸಿದರು.

1879ರಲ್ಲಿ ಸೆರಿನ್ಯಾನ್ ಎಂಬ ಊರಿನಲ್ಲಿ ಬೆಳೆಗೆ ಬಾರದ ಕಲ್ಲುನೆಲ ಕೊಂಡರು. ಒಕ್ಕಲಿಗನಿಗೆ ಬೇಡವಾದ ಆ ನೆಲವೇ ಕಡಜಗಳಿಗೆ ತವರು. ಯಾವುದು ಎಲ್ಲಿ ಗೂಡು ಮಾಡುತ್ತದೆ, ಏನು ಹೊತ್ತು ತರುತ್ತದೆ ಎಂದು ಬಿಸಿಲಲ್ಲಿ ಕುಳಿತು ನೋಡಿದರು. ಕೆಲವು ಕಡಜಗಳು ಗೂಡಿನ ಮೇಲ್ಭಾಗದಿಂದ ಎಳೆಯೊಂದರಲ್ಲಿ ಮೊಟ್ಟೆಯನ್ನು ತೂಗುಬಿಟ್ಟು, ಕೆಳಗೆ ಅರೆಜೀವದ ಹುಳುಗಳನ್ನು ತುಂಬುತ್ತವೆ. ಹುಳು ಮಿಸುಕಿದರೂ ಮೊಟ್ಟೆಗೆ ಪೆಟ್ಟಿಲ್ಲ! ಇಂಥ ವಿಷಯಗಳನ್ನೆಲ್ಲ ಬರೆದ ಅವರ 10 ಸಂಪುಟಗಳು 1907ಕ್ಕೆ ಮುಗಿದವು. 1915ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು.

ಮಣ್ಣಿನ ಗೂಡನ್ನು ಕೆರೆದು ಹಾಕುವ ಮುನ್ನ ತಾವೂ ಒಂದು ಗಳಿಗೆ ಕಾದು ನೋಡಿ. ಜೇಡ ತರುವ ಕಡಜಗಳೂ ಉಂಟು. ಎಲೆ ತಿನ್ನುವ ಹುಳುವನ್ನು ತಂದರೆ, ಹೆಸರು ತಿಳಿಯದಿದ್ದರೂ ಸರಿಯೇ, ಅದು ಕೂಲಿ ಕೇಳದೆ ತಮ್ಮ ಬೆಳೆ ಕಾಯುವ ಆಳು.